ಮೊದಲು ನಾಚಿಕೆ, ಆಮೇಲೆ ನೋವು

ಈ ವರ್ಷ ಹೈಸ್ಕೂಲು ಬ್ಯಾಸ್ಕೆಟ್‌ಬಾಲ್ ನಿಯಮಗಳಿಗೆ ಹೊಸದಾಗಿ ಸೇರಿದ್ದು ಒಂದೇ ಒಂದು. ಯಾರೂ ತಳ್ಳದಿದ್ದರೂ ತಳ್ಳಿದರೆಂದು ರೆಫರಿಯನ್ನು ನಂಬಿಸಲು ಬೇಕೆಂದೇ ಬಿದ್ದರೆ ಮೊದಲ ಸಲ ಎಚ್ಚರಿಕೆ, ಎರಡನೇ ಸಲ ಟೆಕ್ನಿಕಲ್ ಫೌಲ್. ಎದುರು ಟೀಮಿಗೆ ಬುಟ್ಟಿಗೆ ಎಸೆಯುವ ಅವಕಾಶ ಪುಕ್ಕಟೆ. ಉಳಿದ ರೆಫರಿಗಳು ಇದನ್ನು ಕೇಳಿ, ಚಹಾ ಕುಡಿದು, ಮರೆತರು. ಅಯ್ಯೋಪಾಪನಿಗೆ ಮಾತ್ರ ಆಕಾಶವೇ ತಲೆಯ ಮೇಲೆ ಬಿದ್ದಂತಾಯಿತು.

ಅಯ್ಯೋಪಾಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಮೈದಾನ ಕೊಟ್ಟ ಬಿರುದು. ಹಗಲು ಕನ್ನಡಕದ ಅಂಗಡಿಯಲ್ಲಿ ಫ್ರೇಮಿಗೆ ಗಾಜು ಕೂರಿಸುವ ಕೆಲಸ, ಸಂಜೆ ಶಾಲಾ ಪಂದ್ಯಗಳಿಗೆ ರೆಫರಿ. ಅಂಗಳದಲ್ಲಿ ಯಾವ ಮಗು ಬಿದ್ದರೂ ಸೀಟಿಗಿಂತ ಮೊದಲು ಅವನ ಬಾಯಿಂದ ‘ಅಯ್ಯೋ ಪಾಪ’ ಎಂಬ ಮಾತು ಹೊರಡುತ್ತಿತ್ತು. ಬಿದ್ದವರಿಗೆ ನೀರು, ಪಕ್ಕದಲ್ಲಿದ್ದವರಿಗೆ ಫೌಲು. ಮಕ್ಕಳಿಗೆ ಇದು ಗೊತ್ತಾಗಲು ಎಷ್ಟು ಹೊತ್ತು ಬೇಕು? ಅವನ ಪಂದ್ಯಗಳಲ್ಲಿ ಅವರು ಮಾಗಿದ ಹಣ್ಣಿನ ಹಾಗೆ ಉದುರುತ್ತಿದ್ದರು.

ಬೆಳಿಗ್ಗೆ ಅವನು ಮುಖಕ್ಕೆ ಸೋಪು ಹಚ್ಚಿಕೊಂಡಿರುವಾಗ ರೆಫರಿಗಳ ಸಂಘದ ಸೆಕ್ರೆಟರಿಯ ಫೋನು ಬಂತು.

“ನೋಡ್ರೀ, ಇವತ್ತು ಹುಡುಗಿಯರ ಫೈನಲ್. ನಾನೇ ಬಂದು ಕೂತು ನೋಡ್ತೀನಿ. ಒಂದೇ ಒಂದು ನಾಟಕಕ್ಕೆ ಮೋಸ ಹೋದ್ರೂ ಪಂದ್ಯ ಮುಗಿದ ಮೇಲೆ ಸೀಟಿ ನನ್ನ ಕೈಗೆ ಕೊಟ್ಟು ಮನೆಗೆ ಹೋಗ್ಬಿಡಿ.”

“ಸರ್, ಮಕ್ಕಳು ಬಿದ್ದಾಗ ಕರುಳು ಚುರುಕ್ ಅನ್ನುತ್ತೆ ಸರ್.”

“ಕರುಳಿನ ಕೆಲಸ ಡಾಕ್ಟರು ನೋಡ್ಕೋತಾರೆ. ನೀವು ಕಣ್ಣಿನ ಕೆಲಸ ನೋಡಿ” ಎಂದು ಸೆಕ್ರೆಟರಿ ಫೋನು ಇಟ್ಟರು.

ಸೀಟಿ ಹೋದರೆ ಏನಾಗುತ್ತದೆ ಎಂದು ನಿಮಗೆ ಅನ್ನಿಸಬಹುದು. ಅಯ್ಯೋಪಾಪನ ಬದುಕನ್ನು ನೋಡಿದ್ದರೆ ಹಾಗೆ ಕೇಳುತ್ತಿರಲಿಲ್ಲ. ಅಂಗಡಿಯಲ್ಲಿ ಅವನು ಬಾಯಿ ತೆರೆದರೆ ಯಜಮಾನರು ಮಾತಾಡುತ್ತಿದ್ದರು. ಮನೆಯಲ್ಲಿ ತೆರೆದರೆ ಅತ್ತೆ ಮಾತಾಡುತ್ತಿದ್ದರು. ಇಡೀ ಲೋಕದಲ್ಲಿ ಅವನು ಸದ್ದು ಮಾಡಿದರೆ ಜನ ನಿಲ್ಲುತ್ತಿದ್ದ ಜಾಗ ಆ ಅಂಗಳವೊಂದೇ. ಸೀಟಿ ಊದಿದೊಡನೆ ಓಡುತ್ತಿದ್ದ ಹತ್ತು ಜನ ನಿಂತು ಅವನ ಮುಖ ನೋಡುವ ಆ ಒಂದು ಗಳಿಗೆಗಾಗಿ ಅವನು ವಾರವಿಡೀ ಬದುಕುತ್ತಿದ್ದ.

ಸೋಪಿನ ಮುಖದಲ್ಲೇ ಅವನು ಪಕ್ಕದ ಮನೆಗೆ ಓಡಿದ. ಅಲ್ಲಿ ನಾಟಕದ ಮೇಷ್ಟ್ರು ಇದ್ದರು. ಶಾಲೆಯಲ್ಲಿ ನಾಟಕ ಕಲಿಸಿ ನಿವೃತ್ತರಾದವರು. ಮೂವತ್ತು ವರ್ಷ ವೇದಿಕೆಯ ಮೇಲೆ ಸತ್ತು ಸತ್ತು ಪಳಗಿದ ದೇಹ. ಅವರು ಮೆಟ್ಟಿಲ ಮೇಲೆ ಕೂತು ಎರಡೂ ಮೊಣಕೈಗೆ ಮುಲಾಮು ಹಚ್ಚಿಕೊಳ್ಳುತ್ತಿದ್ದರು.

“ಏನ್ ಮೇಷ್ಟ್ರೇ, ಕೈಗೆ ಏನಾಯ್ತು?”

“ಏನಿಲ್ಲ, ಈಚೆಗೆ ಶಿಷ್ಯರು ಜಾಸ್ತಿ ಆಗಿದ್ದಾರೆ. ನಿಮ್ಮ ಕತೆ ಹೇಳಿ.”

ಕತೆ ಕೇಳಿದ ಮೇಷ್ಟ್ರು ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ತಲೆದೂಗಿದರು. ಆಮೇಲೆ ಎದ್ದು ನಿಂತು, ಅಯ್ಯೋಪಾಪ ಬೇಡ ಬೇಡ ಎನ್ನುವಷ್ಟರಲ್ಲಿ ಎರಡು ಸಲ ಮೆಟ್ಟಿಲಿಂದ ಬಿದ್ದು ತೋರಿಸಿದರು. ಒಮ್ಮೆ ಹಾ ಎಂದು ಕೂಗುತ್ತ ಬಿದ್ದರು. ಇನ್ನೊಮ್ಮೆ ಸುಮ್ಮನೆ ಬಿದ್ದು, ಕಳ್ಳನ ಹಾಗೆ ಬೀದಿಯ ಎರಡೂ ಕಡೆ ನೋಡಿ, ಪಂಚೆ ಸರಿಮಾಡಿಕೊಂಡು, ಆಮೇಲೆ ಮೆಲ್ಲಗೆ ಮೊಣಕಾಲು ಹಿಡಿದುಕೊಂಡರು.

“ಎರಡನೇದು ನಿಜವಾಗಿ ಬೀಳೋ ರೀತಿ” ಎಂದರು. “ನೆನಪಿಟ್ಕೊಳ್ಳಿ. ನಿಜವಾಗಿ ಬಿದ್ದ ಮನುಷ್ಯನಿಗೆ ಮೊದಲು ಬರೋದು ನಾಚಿಕೆ. ಯಾರು ನೋಡಿದ್ರು ಅಂತ ಸುತ್ತ ನೋಡ್ತಾನೆ. ನೋವು ಆಮೇಲೆ. ನಾಟಕದೋನು ಮೊದಲೇ ಕೂಗಿಬಿಡ್ತಾನೆ. ಮೊದಲು ನಾಚಿಕೆ, ಆಮೇಲೆ ನೋವು. ಇಷ್ಟೇ ವಿದ್ಯೆ.”

ಅಯ್ಯೋಪಾಪನಿಗೆ ಅವರ ಕಾಲಿಗೆ ಬೀಳಬೇಕೆನಿಸಿತು. ಬೀಳುವ ಮಾತೇ ಬೇಡವೆಂದು ಕೈಮುಗಿದು ಬಂದ.

ವಿದ್ಯೆಯನ್ನು ಪರೀಕ್ಷಿಸಲು ಹೆಚ್ಚು ಕಾಯಬೇಕಾಗಲಿಲ್ಲ. ಅವನ ಮುಖದಿಂದ ಹಾದಿಯುದ್ದಕ್ಕೂ ತೊಟ್ಟಿಕ್ಕಿದ್ದ ಸೋಪಿನ ಮೇಲೆ ಅತ್ತೆ ಕಾಲಿಟ್ಟು, “ಅಯ್ಯಯ್ಯೋ ನನ್ನ ಸೊಂಟ” ಎಂದು ಕೂತುಬಿಟ್ಟರು. ಹೆಂಡತಿ ಅಡುಗೆಮನೆಯಿಂದ ಓಡಿ ಬಂದಳು. ಅಯ್ಯೋಪಾಪ ಬಾಯಿಗೆ ಬಂದಿದ್ದ ತನ್ನ ಬಿರುದನ್ನು ನುಂಗಿಕೊಂಡು, ಅತ್ತೆಯ ಮುಖವನ್ನು ಗಮನಿಸಿದ. ಸುತ್ತ ನೋಡಲಿಲ್ಲ. ಮೊದಲು ಕೂಗಿದರು. ಅವನು ಕಾಲು ಜೋಡಿಸಿ ನಿಂತು, ಮೊಣಕೈ ಮಡಚಿ, ಮುಂಗೈಯನ್ನು ಎರಡು ಸಲ ಮೇಲೆತ್ತಿ ಇಳಿಸಿದ. ಹೊಸ ನಿಯಮದಲ್ಲಿ ಬೀಳುವ ನಾಟಕಕ್ಕೆ ರೆಫರಿ ಮಾಡುವ ಸನ್ನೆ ಅದು.

“ರೀ, ಅಮ್ಮ ಬಿದ್ದಿದ್ದಾರೆ, ನೀವು ನೊಣ ಓಡಿಸ್ತಿದ್ದೀರಾ?” ಎಂದಳು ಹೆಂಡತಿ.

“ಇದು ನಾಟಕ ಕಣೇ. ಮೊದಲನೇ ಸಲ, ಅದಕ್ಕೆ ಎಚ್ಚರಿಕೆ. ಎರಡನೇ ಸಲಕ್ಕೆ ಶಿಕ್ಷೆ.”

ಸೊಂಟ ಮುರಿದಿದ್ದ ಅತ್ತೆ ಚೆಂಡಿನ ಹಾಗೆ ಪುಟಿದು ಎದ್ದರು. “ಯಾರ್ದು ನಾಟಕ? ಏನ್ ಅಳಿಯಂದಿರೇ, ನನಗೇ ಎಚ್ಚರಿಕೆನಾ? ಆ ಕೈ ಇನ್ನೊಂದು ಸಲ ಮಾಡಿ ತೋರಿಸಿ, ನೋಡೋಣ.”

ಅವನು ತೋರಿಸಿದ. ಅತ್ತೆ ಅದನ್ನು ಚೆನ್ನಾಗಿ ನೋಡಿಕೊಂಡರು. ಸಂಜೆ ಪಂದ್ಯಕ್ಕೆ ತಾನೂ ಬರುವೆನೆಂದು ಹೇಳಿದರು. ಏನೇ ಆಗಲಿ, ಅಷ್ಟು ಬೇಗ ಎದ್ದಿದ್ದೇ ನಾಟಕಕ್ಕೆ ಸಾಕ್ಷಿಯಲ್ಲವೇ? ಅಯ್ಯೋಪಾಪನಿಗೆ ಒಳಗೊಳಗೇ ಕುಣಿಯುವಂತಾಯಿತು.

ಅಂಗಡಿಯಲ್ಲಿ ಅರ್ಧ ದಿನದ ರಜೆ ಕೇಳಬೇಕಿತ್ತು. ರಜೆ ಎಂಬ ಮಾತು ಕಿವಿಗೆ ಬಿದ್ದರೆ ಎದೆ ಹಿಡಿದು ಕುರ್ಚಿಗೆ ಒರಗುವುದು ಯಜಮಾನರ ಹಳೆಯ ಪದ್ಧತಿ. ಅವರ ಎದೆನೋವಿಗೆ ಹೆದರಿ ಅಯ್ಯೋಪಾಪ ಆರು ವರ್ಷ ಒಂದೂ ರಜೆ ತೆಗೆದಿರಲಿಲ್ಲ. ಇವತ್ತೂ ಅವರು “ಅಪ್ಪಾ” ಎಂದು ನರಳಿ ಜಾರಿದರು. ಅವನು ನೀರು ತರಲು ಓಡಲಿಲ್ಲ. ಕಾಲು ಜೋಡಿಸಿ ಮುಂಗೈ ಎತ್ತಿ ಇಳಿಸಿದ.

ಯಜಮಾನರು ಒಂದು ಕಣ್ಣು ತೆರೆದರು. “ಏನಯ್ಯಾ ಅದು?”

“ನಾಟಕಕ್ಕೆ ಎಚ್ಚರಿಕೆ ಸರ್. ಹೊಸ ರೂಲು.”

ಅವರು ಇನ್ನೊಂದು ಕಣ್ಣನ್ನೂ ತೆರೆದು ನೆಟ್ಟಗೆ ಕೂತರು. ಸಿಟ್ಟಾಗುವುದು ಬಿಟ್ಟು ಯೋಚನೆಗೆ ಬಿದ್ದರು. “ನಿನ್ನ ಕಣ್ಣು ಇಷ್ಟು ಚುರುಕು ಅಂತ ಗೊತ್ತೇ ಇರಲಿಲ್ಲ. ಪಂದ್ಯದಲ್ಲಿ ಜನ ರೆಫರಿಗೆ ಕಣ್ಣು ಕಾಣಲ್ವಾ ಅಂತ ಬೈತಾರಲ್ವಾ? ಅಲ್ಲೇ ನಮ್ಮ ಅಂಗಡಿ ಬೋರ್ಡ್ ಇಟ್ರೆ ಹೇಗೆ? ‘ಈ ಕಣ್ಣು ನಮ್ಮದು’ ಅಂತ. ರಜೆ ತಗೋ. ಬೋರ್ಡ್ ನಾನು ತರ್ತೀನಿ.”

ಆರು ವರ್ಷದಲ್ಲಿ ಸಿಗದ ರಜೆ ಒಂದು ಕೈಸನ್ನೆಗೆ ಸಿಕ್ಕಿತು. ಹೊರಗೆ ಬರುವಾಗ ಒಬ್ಬ ಗಿರಾಕಿ ಹೊಸ ಕನ್ನಡಕ ಹಾಕಿಕೊಂಡು ಹೊಸ್ತಿಲು ಎಡವಿ ಬಿದ್ದು, ತಟ್ಟನೆ ಎರಡೂ ಕಡೆ ನೋಡಿ, ನಗುತ್ತ, ಆಮೇಲೆ ಹೆಬ್ಬೆರಳು ಹಿಡಿದುಕೊಂಡ. ಅಯ್ಯೋಪಾಪ ಅವನನ್ನು ಪ್ರೀತಿಯಿಂದ ಎತ್ತಿ ನಿಲ್ಲಿಸಿದ. ಮೇಷ್ಟ್ರ ವಿದ್ಯೆಯಲ್ಲಿ ಇನ್ನು ಯಾವ ಅನುಮಾನವೂ ಉಳಿಯಲಿಲ್ಲ.

ಸಂಜೆ ಒಳಾಂಗಣ ಕ್ರೀಡಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಸೆಕ್ರೆಟರಿ, ಅವರ ಹಿಂದೆ ಅತ್ತೆ ಮತ್ತು ಹೆಂಡತಿ, ಅಂಗಳದ ಗೆರೆಗೆ ಅಂಟಿಕೊಂಡಂತೆ ಯಜಮಾನರು ಮತ್ತು ಅವರ ಬೋರ್ಡು. ನಾಟಕದ ಮೇಷ್ಟ್ರು ಮೇಲಿನ ಮೂಲೆಯಲ್ಲಿ, ಮೊದಲ ಪ್ರದರ್ಶನದ ದಿನ ಕೂರುವವರ ಹಾಗೆ ಕೈ ಹಿಸುಕಿಕೊಳ್ಳುತ್ತ ಕೂತಿದ್ದರು. ಕೆಂಪು ಟೀಮು, ನೀಲಿ ಟೀಮು, ಒಂದೊಂದರಲ್ಲಿ ಬದಲಿಯವರೂ ಸೇರಿ ಏಳು ಹುಡುಗಿಯರು. ಜೊತೆಗೆ ಇನ್ನೊಬ್ಬ ರೆಫರಿ ಇದ್ದರೂ ಅವನು ಸೀಟಿಯನ್ನು ಒಡವೆಯ ಹಾಗೆ ಧರಿಸುವ ಜಾತಿಯವನು.

ಆಟ ಶುರುವಾಗಿ ಎರಡು ನಿಮಿಷಕ್ಕೆ ಕೆಂಪು ಹುಡುಗಿಯೊಬ್ಬಳು ದೊಪ್ಪನೆ ಬಿದ್ದಳು. ಅಯ್ಯೋಪಾಪ ಅವಳ ಮುಖವನ್ನೇ ನೋಡಿದ. ಅವಳು ಕೂಗಲಿಲ್ಲ. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಕೆನ್ನೆ ಕೆಂಪೇರಿತು, ಅಂಗಿ ಎಳೆದುಕೊಂಡಳು, ಆಮೇಲೆ ಮೊಣಕಾಲು ಹಿಡಿದುಕೊಂಡಳು. ನಿಜ, ನೂರಕ್ಕೆ ನೂರು ನಿಜ. ಪಕ್ಕದ ನೀಲಿಯವಳಿಗೆ ಫೌಲು ಕೊಟ್ಟ.

ಮರುನಿಮಿಷ ನೀಲಿಯವಳು ಬಿದ್ದಳು. ಅವಳೂ ನಾಚಿಕೊಂಡಳು. ಕೆಂಪಿಗೆ ಫೌಲು. ಆಮೇಲೆ ಕೆಂಪು, ಆಮೇಲೆ ನೀಲಿ, ಒಮ್ಮೆ ಇಬ್ಬರೂ ಒಟ್ಟಿಗೆ ಬಿದ್ದು ಪರಸ್ಪರ ಮುಖ ನೋಡಲಾರದೆ ನಾಚಿಕೊಂಡರು. ಹದಿಹರೆಯದ ಹುಡುಗಿಯರಲ್ಲಿ ಇಷ್ಟು ಮಾನಮರ್ಯಾದೆ ಇದೆಯೆಂದು ಅಯ್ಯೋಪಾಪನಿಗೆ ಇಲ್ಲಿಯವರೆಗೆ ತಿಳಿದಿರಲಿಲ್ಲ. ಅವನ ಕಣ್ಣು ತುಂಬಿ ಬಂತು. ನೀಲಿಯ ಕ್ಯಾಪ್ಟನ್ ಬಿದ್ದಾಗ ಸುತ್ತ ನರಪಿಳ್ಳೆಯೂ ಇರಲಿಲ್ಲ. ಇದ್ದವರಲ್ಲಿ ಹತ್ತಿರದ ಕೆಂಪಿನವಳು ಅಂಗಳದ ಆ ತುದಿಯಲ್ಲಿ ಶೂ ದಾರ ಕಟ್ಟುತ್ತಿದ್ದಳು. ನಾಚಿಕೆ ನಿಜವೆಂದಮೇಲೆ ಯಾರೋ ತಳ್ಳಿರಲೇಬೇಕು. ಅವಳಿಗೇ ಫೌಲು ಕೊಟ್ಟ.

ವಿರಾಮದಲ್ಲಿ ಸೆಕ್ರೆಟರಿ ಕರೆದರು. “ಏನ್ರೀ ಇದು, ಇಷ್ಟು ಬಿದ್ರೂ ಒಂದೂ ನಾಟಕ ಅಲ್ವಾ?”

ಅಯ್ಯೋಪಾಪ ಎದೆಯುಬ್ಬಿಸಿ ಮೇಷ್ಟ್ರ ವಿದ್ಯೆಯನ್ನು ವಿವರಿಸಿದ. ಮೇಷ್ಟ್ರ ಹೆಸರೊಂದನ್ನು ಮಾತ್ರ ಹೇಳಲು ಮರೆತ. ಸೆಕ್ರೆಟರಿ ಬೆರಗಾದರು. “ಮೊದಲು ನಾಚಿಕೆ, ಆಮೇಲೆ ನೋವು. ಎಂಥಾ ಮಾತ್ರೀ! ನಿಯಮ ಮಾಡಿದವರಿಗೇ ಇದು ಹೊಳೆದಿಲ್ಲ” ಎಂದು ಮೈಕು ಹಿಡಿದು ಇಡೀ ಒಳಾಂಗಣಕ್ಕೆ ಆ ಪರೀಕ್ಷೆಯನ್ನು ಸಾರಿಯೇಬಿಟ್ಟರು. ನಾಟಕಕ್ಕೆ ಯಾವ ಸನ್ನೆ ಎಂದು ಜನ ಕೇಳಿದಾಗ ಅತ್ತೆ ಎದ್ದು ನಿಂತು, ತಿರುಗಿ, ಎಲ್ಲರಿಗೂ ಮಾಡಿ ತೋರಿಸಿದರು.

ಆಮೇಲಿನದು ಆಟವೆಂದು ಹೇಳುವುದು ಕಷ್ಟ. ಹುಡುಗಿ ಬಿದ್ದೊಡನೆ ಜನವೆಲ್ಲ ಕುತ್ತಿಗೆ ಚಾಚಿ “ನಾಚಿಕೊಂಡ್ಲು, ನಾಚಿಕೊಂಡ್ಲು, ನಿಜ” ಎಂದು ತೀರ್ಪು ಕೊಡುತ್ತಿದ್ದರು. ಐದು ಫೌಲಾದವರು ಹೊರಗೆ ಹೋಗಬೇಕಾದ್ದರಿಂದ ಎರಡೂ ಟೀಮು ಒಲೆಯ ಮೇಲಿನ ನೀರಿನ ಹಾಗೆ ಇಂಗುತ್ತ ಬಂದವು. ಕೊನೆಯ ನಿಮಿಷಕ್ಕೆ ಅಷ್ಟು ದೊಡ್ಡ ಅಂಗಳದಲ್ಲಿ ಎರಡು ಕೆಂಪು, ಎರಡು ನೀಲಿ ಉಳಿದಿದ್ದರು. ಸ್ಕೋರು ಸಮ.

ನೀಲಿಯವಳು ಚೆಂಡು ಹಿಡಿದು ಓಡಿದಳು. ಅಯ್ಯೋಪಾಪ ಅವಳ ಮೇಲೆ ಕಣ್ಣಿಟ್ಟು ಹಿಂದಕ್ಕೆ ಹಿಂದಕ್ಕೆ ಓಡಿದ. ಗೆರೆಯ ಪಕ್ಕ ‘ಈ ಕಣ್ಣು ನಮ್ಮದು’ ಕಾದಿತ್ತು. ಬೋರ್ಡಿನ ಕಾಲಿಗೆ ಅವನ ಕಾಲು ಸಿಕ್ಕಿ, ಒಣಕಡ್ಡಿ ಮುರಿದಂತೆ ಲಟಕ್ಕೆಂದಿತು.

“ಅಮ್ಮಾ!” ಎಂದು ಅವನು ಸೂರು ಹಾರುವಂತೆ ಕೂಗಿದ.

ನೆಲದ ಮೇಲೆ ಬಿದ್ದಿದ್ದವನಿಗೆ ಆಗ ಪಾಠ ನೆನಪಾಯಿತು. ಗಡಬಡಿಸಿ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಅಂಗಿಯನ್ನೂ ಎಳೆದುಕೊಂಡ. ಹೊತ್ತು ಮೀರಿತ್ತು. ಎರಡನೇ ಸಾಲಿನಲ್ಲಿ ಅತ್ತೆ ನಿಧಾನವಾಗಿ ಎದ್ದು, ಕಾಲು ಜೋಡಿಸಿ, ಮುಂಗೈಯನ್ನು ಎರಡು ಸಲ ಎತ್ತಿ ಇಳಿಸಿದರು. ಅವರ ಸಾಲು ಎದ್ದಿತು. ಅದರ ಹಿಂದಿನ ಸಾಲು ಎದ್ದಿತು. ಇಡೀ ಒಳಾಂಗಣ ಒಂದೇ ಕೈಯಾಗಿ ಅವನಿಗೆ ಸನ್ನೆ ಮಾಡಿತು.

“ಸರ್, ಎದ್ದೇಳಿ ಸರ್, ಎಲ್ಲಾರೂ ನೋಡ್ತಿದ್ದಾರೆ” ಎಂದಳು ಕೆಂಪು ಹುಡುಗಿ.

“ನಿಜವಾಗ್ಲೂ ಮುರಿದಿದೆ ಕಣಮ್ಮ.”

“ಕೂಗಿದ್ದು ಮೊದಲಾಯ್ತಲ್ಲ ಸರ್” ಎಂದಳು ಅವಳು, ಬೇಸರದಿಂದಲೇ.

ಸೆಕ್ರೆಟರಿ ಬಂದು ಬಗ್ಗಿ ಅವನ ಕೊರಳಿಂದ ಸೀಟಿ ತೆಗೆದುಕೊಂಡರು. “ಇಡೀ ಪಂದ್ಯಕ್ಕೆ ಒಂದೇ ಒಂದು ನಾಟಕ, ಅದೂ ರೆಫರಿಯದ್ದು. ಬೇಜಾರು ಮಾಡ್ಕೋಬೇಡಿ. ನಿಮ್ಮ ಪರೀಕ್ಷೆ ಎಷ್ಟು ಸರಿ ಅಂತ ನೀವೇ ತೋರಿಸಿಕೊಟ್ರಿ. ಇನ್ನು ಮುಂದೆ ಎಲ್ಲ ರೆಫರಿಗಳಿಗೂ ಅದನ್ನೇ ಕಲಿಸ್ತೀವಿ.” ಉಳಿದ ಆಟವನ್ನು ಇನ್ನೊಬ್ಬ ರೆಫರಿ ಮುಗಿಸಿದ. ಯಾರು ಗೆದ್ದರೆಂದು ಅಯ್ಯೋಪಾಪ ಕೇಳಲಿಲ್ಲ. ಕಾಲಿಗಿಂತ ಬರಿದಾದ ಕೊರಳು ಅವನಿಗೆ ಹೆಚ್ಚು ನೋಯುತ್ತಿತ್ತು.

ಆಸ್ಪತ್ರೆಯಲ್ಲಿ ಕಾಲಿಗೆ ಮೊಣಕಾಲವರೆಗೆ ಪ್ಲಾಸ್ಟರು ಬಿತ್ತು. ಮೂಳೆ ಎರಡು ಕಡೆ ಮುರಿದಿದೆ ಎಂದು ಡಾಕ್ಟರು ಹೇಳಿದಾಗ ಅವನಿಗೆ ಸಂತೋಷ ತಡೆಯಲಾಗಲಿಲ್ಲ. “ಕೇಳಿದ್ಯೇನೇ, ಎರಡು ಕಡೆ” ಎಂದು ಹೆಂಡತಿಗೆ ಹೇಳಿದ. ಅವಳು ಔಷಧಿ ತರಲು ಹೊರಗೆ ಹೋದಳು. ಅತ್ತೆ ಮೂಲೆಯ ಕುರ್ಚಿಯಲ್ಲಿ ಕೂತಿದ್ದರು.

ಅಷ್ಟರಲ್ಲಿ ನಾಟಕದ ಮೇಷ್ಟ್ರು ಬಂದರು. ಅವರ ಕೊರಳಲ್ಲಿ ಒಂದು ಸೀಟಿ ನೇತಾಡುತ್ತಿತ್ತು. ಅಯ್ಯೋಪಾಪನಿಗೆ ಅದರ ಗೀರು ಗೀರೂ ಪರಿಚಿತ.

“ಸೆಕ್ರೆಟರಿ ಬಿಡಲಿಲ್ಲ” ಎಂದರು ಮೇಷ್ಟ್ರು ಸಂಕೋಚದಿಂದ. “ಆ ವಿದ್ಯೆ ನಂದು ಅಂದೆ ಅಷ್ಟೇ. ರೆಫರಿಗಳಿಗೆಲ್ಲ ನೀವೇ ಕಲಿಸಿ ಅಂತ ಇದನ್ನ ಕೊರಳಿಗೆ ಹಾಕೇಬಿಟ್ರು.”

“ಹೋಗ್ಲಿ ಬಿಡಿ. ನಿಮ್ಮ ದಯದಿಂದ ಮಕ್ಕಳಿಗಾದ್ರೂ ನ್ಯಾಯ ಸಿಕ್ತು.”

“ಸಿಗದೆ ಇರುತ್ತಾ? ಎರಡು ವಾರದಿಂದ ಬೆಳಿಗ್ಗೆ ಕೆಂಪು ಟೀಮಿಗೆ, ಸಂಜೆ ನೀಲಿ ಟೀಮಿಗೆ ಬೀಳೋದು ಹೇಳಿಕೊಟ್ಟಿದ್ದೀನಲ್ಲ. ಒಬ್ಬರಿಗೆ ಕಲಿಸಿ ಒಬ್ಬರಿಗೆ ಕಲಿಸದಿದ್ರೆ ಅನ್ಯಾಯ ಆಗುತ್ತೆ ನೋಡಿ. ಮೊಣಕೈ ಎಲ್ಲ ಸುಲಿದುಹೋಯ್ತು. ನಾಚಿಕೆ ಹೇಗಿತ್ತು ಹೇಳಿ? ಅದಕ್ಕೇ ನಾಲ್ಕು ದಿನ ಹಿಡೀತು. ನನ್ನ ಶಿಷ್ಯರಲ್ಲಿ ಕೊನೇ ಗಳಿಗೆಯಲ್ಲಿ ಪಾಠ ಮರೆತೋರು ಅಂದ್ರೆ ನೀವೊಬ್ಬರೇ.”

ಅಯ್ಯೋಪಾಪನ ಕಣ್ಣ ಮುಂದೆ ಇಡೀ ಪಂದ್ಯ ಇನ್ನೊಮ್ಮೆ ಉರುಳಿತು. ಪ್ಲಾಸ್ಟರು ಮರೆತು, ಮೇಷ್ಟ್ರ ಕೊರಳಿಗೆ ಕೈಹಾಕಲೆಂದು ಮಂಚದಿಂದ ಹಾರಿದ, ಧೊಪ್ಪೆಂದು ನೆಲಕ್ಕೆ ಬಿದ್ದ. ಈ ಸಲ ಪಾಠ ಮರೆಯಲಿಲ್ಲ. ಹಲ್ಲುಕಚ್ಚಿ ಮೊದಲು ಎಡಕ್ಕೆ ನೋಡಿದ, ಆಮೇಲೆ ಬಲಕ್ಕೆ ನೋಡಿದ.

ಬಲಕ್ಕೆ ಅತ್ತೆ ಕಾಲು ಜೋಡಿಸಿ ನಿಂತಿದ್ದರು. ಮುಂಗೈ ಆಗಲೇ ಮೇಲೆದ್ದಿತ್ತು.

“ಇದು ಎರಡನೇದು ಅಳಿಯಂದಿರೇ” ಎಂದರು. “ಶಿಕ್ಷೆ ಏನು ಅಂತ ಮನೆಗೆ ಹೋದ್ಮೇಲೆ ಹೇಳ್ತೀನಿ.”