ಸಂತರ ಕೈಗಡಿಯಾರ

ಈಸ್ಟರ್‌ಗೆ ಮುಂಚಿನ ನಲವತ್ತು ದಿನ, ಪ್ರಿಯವಾದದ್ದೊಂದನ್ನು ಬಿಟ್ಟಿರುವ ತಪಸ್ಸುಕಾಲಕ್ಕೆ ಆ ವರ್ಷ ಕಾದಂಬರಿ ಓದುವುದನ್ನೇ ಬಿಡುತ್ತೇನೆಂದು ಊಟದ ಮೇಜಿನ ಮುಂದೆ ಎದ್ದು ನಿಂತು ಘೋಷಿಸಿದೆ. ಬೂದಿ ಬುಧವಾರದ ಬೂದಿ ಹಣೆಯ ಮೇಲೆ ಇನ್ನೂ ಹಾಗೆಯೇ ಇತ್ತು. ಆ ಕ್ಷಣದಲ್ಲಿ ನನ್ನ ತಲೆಯ ಸುತ್ತ ಪ್ರಭಾವಲಯವೂ ಇದ್ದಿರಬೇಕು!

ನಮ್ಮ ಯಜಮಾನರು ಗಡಿಯಾರ ರಿಪೇರಿ ಮಾಡುವವರು. ಯಾವುದನ್ನೇ ಆದರೂ ಒಂದು ಕಣ್ಣು ಕಿರಿದು ಮಾಡಿಯೇ ನೋಡುವುದು ಅವರ ಅಭ್ಯಾಸ. ನನ್ನನ್ನೂ ಹಾಗೆಯೇ ನೋಡಿದರು.

"ಕಾದಂಬರಿನಾ? ಉಸಿರಾಡೋದನ್ನ ಬಿಡ್ತೀನಿ ಅನ್ನು, ನಂಬ್ತೀನಿ."

ಅವರು ಸಕ್ಕರೆ ಬಿಟ್ಟಿದ್ದರು. ನಮ್ಮ ಅತ್ತೆ ಈಸ್ಟರ್ ಬರುವವರೆಗೆ ಯಾರ ಮೇಲೂ ದೂರು ಹೇಳುವುದಿಲ್ಲವೆಂದು ವ್ರತ ಹಿಡಿದಿದ್ದರು. ದೂರು ಬಿಟ್ಟ ಮೇಲೆ ನಿಟ್ಟುಸಿರು ಬಿಡತೊಡಗಿದರು. ಮನೆಯ ಪರದೆಗಳು ಅಲುಗಾಡುವಷ್ಟು. ಮಗಳಿಗೆ ನಾವು ಇಟ್ಟಿದ್ದ ಅಡ್ಡಹೆಸರು 'ವಕೀಲೆ'. ಅವಳು ಮಿಠಾಯಿ ಬಿಟ್ಟಿದ್ದಳು, ಪ್ರಶ್ನೆ ಬಿಟ್ಟಿರಲಿಲ್ಲ.

ಇವರೆಲ್ಲರದೂ ಒಂದು ತೂಕವಾದರೆ ನನ್ನದೇ ಒಂದು ತೂಕ. ಏಕೆಂದರೆ ನಾನು ಓದುತ್ತಿದ್ದ ಪತ್ತೇದಾರಿ ಕಾದಂಬರಿಯಲ್ಲಿ ಇನ್ನೊಂದೇ ಒಂದು ಅಧ್ಯಾಯ ಉಳಿದಿತ್ತು. ಬಂಗಲೆಯೊಂದರಲ್ಲಿ ಬೆಳ್ಳಿಯ ಬಟ್ಟಲು ಕಳುವಾಗಿದೆ. ಅಡುಗೆಯವನ ಮೇಲೆ, ತೋಟದವನ ಮೇಲೆ, ಕಾವಲಿನವನ ಮೇಲೆ ಅನುಮಾನ. ಇನ್‌ಸ್ಪೆಕ್ಟರು ಎಲ್ಲರನ್ನೂ ಹಜಾರದಲ್ಲಿ ನಿಲ್ಲಿಸಿ, "ಕಳ್ಳ ಇಲ್ಲಿಯೇ ಇದ್ದಾನೆ" ಎನ್ನುತ್ತಾನೆ. ಅಷ್ಟಕ್ಕೆ ತಪಸ್ಸುಕಾಲ ಬಂದುಬಿಟ್ಟಿತು! ಕಾದಂಬರಿಗಳನ್ನೆಲ್ಲ ತಗಡಿನ ಪೆಟ್ಟಿಗೆಗೆ ತುಂಬಿ, ಬೀಗ ಜಡಿದು, ಕೀಲಿಯನ್ನು ಅತ್ತೆಯ ಕೈಗೆ ಕೊಟ್ಟೆ. "ನಾನು ಕಾಲಿಗೆ ಬಿದ್ದು ಕೇಳಿದರೂ ಕೊಡಬೇಡಿ" ಎಂದೆ. ಅವರು ಒಂದು ನಿಟ್ಟುಸಿರು ಬಿಟ್ಟು ಕೀಲಿಯನ್ನು ದಿಂಬಿನ ಕೆಳಗಿಟ್ಟುಕೊಂಡರು.

ಅದಕ್ಕೆ ಬದಲಾಗಿ, ಸಂಜೆ ಜಪಸರದ ಪ್ರಾರ್ಥನೆ ಮುಗಿದ ಮೇಲೆ ಮನೆಯವರಿಗೆಲ್ಲ ಒಬ್ಬ ಸಂತರ ಚರಿತ್ರೆಯನ್ನು ಓದಿ ಹೇಳುವುದೆಂದು ತೀರ್ಮಾನಿಸಿದೆ. ಸಂತರು ಪೂಜ್ಯರೇ, ಸಂಶಯವಿಲ್ಲ. ಆದರೆ ಆ ಪುಸ್ತಕ ಬರೆದವರಿಗೆ ಅವರ ಮೇಲೆ ಏನು ಸಿಟ್ಟಿತ್ತೋ! ಸಂತರು ಗುಹೆಯಲ್ಲಿ ಕುಳಿತರು. ಒಣರೊಟ್ಟಿ ತಿಂದರು. ಮತ್ತೆ ಕುಳಿತರು. ಮೂರನೆಯ ಸಂಜೆಗೆ ಯಜಮಾನರು ಕುಳಿತಲ್ಲಿಯೇ ಗೊರಕೆ ಹೊಡೆದರು. ವಕೀಲೆ ಮೇಜಿನ ಕಾಲನ್ನು ಒದೆಯುತ್ತಾ ಕುಳಿತಳು. ನಾನೋ ಶಾಲೆಯ ಟೀಚರ್. ತರಗತಿ ತೂಕಡಿಸಿದರೆ ಯಾವ ಶಿಕ್ಷಕಿ ಸಹಿಸಿಯಾಳು? ನಾಲ್ಕನೆಯ ಸಂಜೆ, ಹೇಗೆ ಬಂತೋ ದೇವರೇ ಬಲ್ಲ, ನನ್ನ ಬಾಯಿಂದ ಒಂದು ವಾಕ್ಯ ಹೊರಬಿತ್ತು:

"ಅಂದು ಬೆಳಗಾಗುವಷ್ಟರಲ್ಲಿ ಮಠದ ಬೆಳ್ಳಿಯ ಬಟ್ಟಲು ಮಾಯವಾಗಿತ್ತು!"

ಗೊರಕೆ ನಿಂತಿತು. ಮೇಜಿನ ಕಾಲಿಗೆ ಬಿಡುಗಡೆ ಸಿಕ್ಕಿತು.

ಆಮೇಲೆ ನನ್ನನ್ನು ಹಿಡಿಯುವವರೇ ಇರಲಿಲ್ಲ. ಸಂತರು ಗುಹೆಯಿಂದ ಎದ್ದರು, ಹೆಜ್ಜೆಗುರುತುಗಳನ್ನು ಅಳೆದರು, ಮಠದ ಅಡುಗೆಯವನನ್ನೂ ತೋಟದವನನ್ನೂ ವಿಚಾರಿಸಿಕೊಂಡರು. ಬಂಗಲೆಯ ಕಾವಲಿನವನನ್ನು ಮಠದ ಗಂಟೆ ಹೊಡೆಯುವವನನ್ನಾಗಿ ಮಾಡಿದೆ. ಪುಸ್ತಕ ಕೈಯಲ್ಲಿ ತೆರೆದೇ ಇರುತ್ತಿತ್ತು. ಕಣ್ಣು ಮಾತ್ರ ಕೇಳುವವರ ಮೇಲೆ. ಪಾಠ ಹೇಳಿ ರೂಢಿಯಾದವರಿಗೆ ಇದು ಕಷ್ಟವೇನಲ್ಲ. ಪಕ್ಕದ ಬ್ರೆಡ್ ಅಂಗಡಿಯವರೂ ಅಂಗಡಿಯ ಬಾಗಿಲನ್ನು ಬೇಗ ಎಳೆದು, ನಮ್ಮ ಕಿಟಕಿಗೆ ಒರಗಿ ನಿಲ್ಲತೊಡಗಿದರು.

ಒಂದು ಸಂಜೆ ಆವೇಶದಲ್ಲಿ, "ಸಂತರು ಕೈಗಡಿಯಾರ ನೋಡಿಕೊಂಡು, ಇನ್ನು ತಡಮಾಡುವಂತಿಲ್ಲ ಎಂದರು" ಎಂದುಬಿಟ್ಟೆ.

ಯಜಮಾನರ ಒಂದು ಕಣ್ಣು ಕಿರಿದಾಯಿತು. "ಕೀ ಕೊಡೋದಾ, ಬ್ಯಾಟರಿದಾ?"

"ಸುಮ್ನೆ ಕೇಳಿ. ಅವರದು ಪವಾಡದ ಗಡಿಯಾರ" ಎಂದೆ. ಅತ್ತೆ ಕೆಮ್ಮಿದರು. ನಗುವಿನಂತಹ ಕೆಮ್ಮು.

ಕಳ್ಳನನ್ನು ಮಾತ್ರ ಹಿಡಿಯಲಾಗಲಿಲ್ಲ. ನನಗೇ ಗೊತ್ತಿಲ್ಲದವನನ್ನು ಸಂತರು ಹಿಡಿಯುವುದಾದರೂ ಹೇಗೆ? ಕಳ್ಳನ ಹೆಸರು ಪೆಟ್ಟಿಗೆಯಲ್ಲಿ, ಪೆಟ್ಟಿಗೆಯ ಕೀಲಿ ದಿಂಬಿನ ಕೆಳಗೆ, ವ್ರತ ನನ್ನ ಕೊರಳ ಮೇಲೆ! ಈಸ್ಟರ್ ತನಕ ಸಂತರನ್ನು ಹೇಗಾದರೂ ಓಡಾಡಿಸುತ್ತಿದ್ದರಾಯಿತು ಎಂದುಕೊಂಡೆ.

ಆದರೆ ವಕೀಲೆ ಇಡೀ ಕಥೆಯನ್ನು ಭಾನುವಾರದ ಧರ್ಮೋಪದೇಶದ ತರಗತಿಯಲ್ಲಿ ಹೇಳಿಬಿಟ್ಟಿದ್ದಳು. ಮರುದಿನ ಸಂಜೆ ಚರ್ಚಿನ ಫಾದರ್ ಅವರೇ ನಮ್ಮ ಮನೆಯ ಮೆಟ್ಟಿಲು ಹತ್ತಿದರು! ಪಾದ್ರಿಯಾಗಲು ಓದಿದ ಗುರುಮಠದಲ್ಲಿ ಎಷ್ಟೋ ಸಂತರ ಚರಿತ್ರೆ ಓದಿದ್ದರೂ ಹೆಜ್ಜೆಗುರುತು ಅಳೆದ ಸಂತರನ್ನು ತಾವು ಕಂಡಿಲ್ಲವೆಂದರು. ಮಕ್ಕಳು ಈಗ ಬೇರೆ ಪಾಠವನ್ನೇ ಕೇಳುತ್ತಿಲ್ಲವಂತೆ. ಶುಕ್ರವಾರ ಶಿಲುಬೆ ಹಾದಿಯ ಪ್ರಾರ್ಥನೆ ಮುಗಿದ ಮೇಲೆ ಆ ಪುಸ್ತಕವನ್ನು ಚರ್ಚಿನಲ್ಲಿ ಎಲ್ಲರೆದುರು ಓದಿಸಬೇಕಂತೆ.

ಅದೇ ಚರ್ಚಿನಲ್ಲಿ ನಾನು ಮಕ್ಕಳಿಗೆ 'ಸುಳ್ಳು ಹೇಳಬಾರದು' ಎಂದು ಕಲಿಸಿದವಳು.

"ಮೊದಲು ಚಹಾ ತಗೊಳ್ಳಿ, ಫಾದರ್. ಪುಸ್ತಕ ಎಲ್ಲಿಟ್ಟೆನೋ, ಹುಡುಕಬೇಕು..."

"ಇಲ್ಲೇ ಇದೆಯಲ್ಲ" ಎಂದು ಯಜಮಾನರು ಬಹಳ ವಿನಯದಿಂದ ಅದನ್ನು ಎತ್ತಿಕೊಟ್ಟರು. ಗಂಡನೆಂದರೆ ಹೀಗಿರಬೇಕು!

ಮನೆಯ ಪುಸ್ತಕಗಳಿಗೆಲ್ಲ ಕಂದು ಕಾಗದದ ಹೊದಿಕೆ ಹಾಕಿ, ಚೀಟಿ ಅಂಟಿಸುವುದು ನನ್ನ ಪದ್ಧತಿ. ಇದರ ಮೇಲೂ ನನ್ನ ದುಂಡಕ್ಷರದಲ್ಲಿ 'ಸಂತರ ಚರಿತ್ರೆ' ಎಂದಿತ್ತು. ಫಾದರ್ ಗುರುತಿನ ಪಟ್ಟಿ ಇದ್ದ ಪುಟವನ್ನು ಭಕ್ತಿಯಿಂದ ತೆರೆದು, ಗಂಭೀರ ಧ್ವನಿಯಲ್ಲಿ ಓದಿದರು:

"ಸೂಜಿ ಮುರಿದಾಗ ಮೊದಲು ಚಕ್ರವನ್ನು ನಿಲ್ಲಿಸಿ. ಆಮೇಲೆ ಎಣ್ಣೆ ಬಿಡಿ."

ಹೊಲಿಗೆ ಯಂತ್ರದ ಕೈಪಿಡಿ! ಅದು ನನಗೂ ಹೊಸ ಸುದ್ದಿ! ಇಷ್ಟು ದಿನ ನಾನು ಯಾವುದನ್ನು ಕೈಯಲ್ಲಿ ತೆರೆದು ಹಿಡಿದುಕೊಂಡು ಸಂತರ ಕಥೆ ಹೇಳುತ್ತಿದ್ದೆನೋ ಅದು ಇದೇ!

ವಕೀಲೆ ತಲೆ ತಗ್ಗಿಸಿ ಎದ್ದು ನಿಂತಳು. "ನಾನೇ ಬದಲಾಯಿಸಿದ್ದು, ಫಾದರ್. ಕಳ್ಳ ಯಾರು ಅಂತ ಮೊದಲೇ ತಿಳ್ಕೊಳ್ಳೋಣ ಅಂತ ಸಂತರ ಪುಸ್ತಕ ತಗೊಂಡೆ. ಅಮ್ಮಂಗೆ ಗೊತ್ತಾಗಬಾರದು ಅಂತ ಅದರ ಹೊದಿಕೆನ ಇದಕ್ಕೆ ಹಾಕಿಟ್ಟೆ. ಆದ್ರೆ ಆ ಪುಸ್ತಕದಲ್ಲಿ ಕಳ್ಳನೇ ಇಲ್ಲ. ಸಂತರು ಎಂಟನೇ ಪುಟದಲ್ಲೇ ತೀರಿಕೊಳ್ತಾರೆ."

"ಮತ್ತೆ ಅಮ್ಮನಿಗೆ ಯಾಕಮ್ಮ ಹೇಳಲಿಲ್ಲ?" ಎಂದರು ಫಾದರ್.

"ಹೇಳಿದ್ರೆ ಕಥೆ ನಿಲ್ಲಿಸಿಬಿಡ್ತಿದ್ರು."

ಇನ್ನು ಮುಚ್ಚಿಡಲು ಏನು ಉಳಿದಿತ್ತು? ಕಾದಂಬರಿ, ಬಂಗಲೆ, ಬೆಳ್ಳಿಯ ಬಟ್ಟಲು, ಎಲ್ಲವನ್ನೂ ಒಪ್ಪಿಸಿದೆ. ಫಾದರ್ ಚಹಾದ ಲೋಟದ ಮೇಲೆ ಮುಖ ಬಗ್ಗಿಸಿದರು. ಅವರ ಭುಜ ಏಕೋ ಅಲುಗುತ್ತಿತ್ತು. ಕೊನೆಗೆ ಶಿಕ್ಷೆ ವಿಧಿಸಿದರು: ಈಸ್ಟರ್ ತನಕ ಪ್ರತಿ ಸಂಜೆ ನಿಜವಾದ ಚರಿತ್ರೆಯನ್ನೇ, ಒಂದಕ್ಷರವನ್ನೂ ಸೇರಿಸದೆ ಓದಬೇಕು.

"ನಾವೇನು ತಪ್ಪು ಮಾಡಿದ್ವಿ, ಫಾದರ್?" ಎಂದು ಕಿಟಕಿಯ ಆಚೆಯಿಂದ ಬ್ರೆಡ್ ಅಂಗಡಿಯವರ ದನಿ ಕೇಳಿಸಿತು.

ಫಾದರ್ ಹೊಸ್ತಿಲವರೆಗೆ ಹೋದವರು ಹಿಂತಿರುಗಿ, ಮೆಲ್ಲಗೆ ಕೇಳಿದರು. "ಅದಿರಲಿ ಟೀಚರ್, ಆ ಗಂಟೆ ಹೊಡೆಯೋನೇ ತಾನೆ ಕಳ್ಳ?"

"ನನಗೆ ಗೊತ್ತಿಲ್ಲ ಫಾದರ್" ಎಂದೆ ತಲೆಯೆತ್ತಿ. ನನ್ನಲ್ಲಿ ಉಳಿದಿದ್ದ ಹೆಮ್ಮೆ ಅದೊಂದೇ. "ಬಟ್ಟಲಿನ ಕಥೆ ಕದ್ದದ್ದು ನಿಜ. ಆದ್ರೆ ವ್ರತ ಮುರಿದಿಲ್ಲ. ಕೊನೇ ಅಧ್ಯಾಯ ಈಸ್ಟರ್ ದಿನಕ್ಕೇ."

ಆಗ ಒಳಕೋಣೆಯಿಂದ ಅತ್ತೆಯ ದನಿ ಬಂತು.

"ಗಂಟೆಯವನಲ್ಲ ಫಾದರ್, ಅಡುಗೆಯವನು. ಬಟ್ಟಲನ್ನ ಹಿಟ್ಟಿನ ಡಬ್ಬಿಲಿ ಬಚ್ಚಿಟ್ಟಿದ್ದ. ಇವಳು ಸ್ಕೂಲಿಗೆ ಹೋದಾಗ ಆ ಪೆಟ್ಟಿಗೆಲಿ ಇದ್ದಿದ್ದನ್ನೆಲ್ಲ ನಾನು ಓದಿ ಮುಗಿಸಿದೆ. ಸಂತರ ಕಥೆ ಎಲ್ಲಿಂದ ಬರ್ತಿದೆ ಅಂತ ನನಗೆ ಮೊದಲ ದಿನವೇ ಗೊತ್ತಿತ್ತು. ಆದರೆ ಏನು ಮಾಡ್ಲಿ, ಈ ಸಲ ನಾನು ದೂರು ಹೇಳೋದನ್ನ ಬಿಟ್ಟಿದ್ದೀನಲ್ಲ!"