ಕರ್ತೃ ನಾಪತ್ತೆ

ಅನಾಹುತಕ್ಕೆಲ್ಲ ಮೂಲ ಕಾಲೇಜಿನ ಸಿಪಾಯಿ ಖಂಡೆಪ್ಪ ಕೇಳಿದ ಒಂದು ಪ್ರಶ್ನೆ. "ಒಂಬತ್ತು ವರ್ಷ ಇಂಗ್ಲಿಷ್ ಕಲಿಸೀರಿ. ಅದರಾಗ ಇನ್ನೂ ಏನ್ ಕಲಿಯೂದು ಉಳದೈತ್ರಿ ಸರ?"

ಸಿಂದಗಿಯ ಆ ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ಇಜಾಜ ಆಗ ಪ್ರಿನ್ಸಿಪಾಲರ ಖಾಲಿ ಕೋಣೆಯಲ್ಲಿ ನಿಂತಿದ್ದ. ಕೈಯಲ್ಲಿ ಎರಡು ವರ್ಷದ ರಜೆಯ ಅರ್ಜಿ. ಫಂಕ್ಷನಲ್ ಗ್ರಾಮರ್ ಮೇಲೆ ಸಂಶೋಧನೆ ಮಾಡಲು ಧಾರವಾಡದಲ್ಲಿ ಸೀಟು ಸಿಕ್ಕಿತ್ತು. ಮೂರು ವರ್ಷ ಕಾದು ಪಡೆದ ಸೀಟು. ಇವತ್ತು ಸಂಜೆಯೊಳಗೆ ಪ್ರಿನ್ಸಿಪಾಲ ಬಸಂತರಾಯರ ಸಹಿ ಬೀಳದಿದ್ದರೆ ಬೇರೆಯವರ ಪಾಲು.

ಅರ್ಜಿ ಇಟ್ಟು ಸುಮ್ಮನೆ ಹೊರಬಿದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಮೇಷ್ಟ್ರಿಗೆ ಪ್ರಶ್ನೆ ಕೇಳಿ ಉತ್ತರದಿಂದ ಪಾರಾದವರುಂಟೆ? ವಾಕ್ಯದ ರಚನೆ ಬದಲಾದರೆ ಅರ್ಥವೂ ಬದಲಾಗುತ್ತದೆ ಎಂದು ಇಜಾಜ ಶುರು ಮಾಡಿದ. "ಖಂಡೆಪ್ಪ ಗಂಟಿ ಹೊಡೆದ ಅಂದ್ರ ನೀ ಕರ್ತೃ ಕಾಕಾ. ಗಂಟಿ ಹೊಡೆಯಲ್ಪಟ್ಟಿತು ಅಂದ್ರ ನೀ ಮಾಯ."

ಮಾಯವಾಗುವುದನ್ನು ತೋರಿಸಲು ಅವನು ಕೈ ಬೀಸಿದ. ಮೇಜಿನ ಮೇಲಿದ್ದ ಗಾಜಿನ ಹೂಜಿ ನೆಲ ಕಂಡಿತು.

"ನಾ ಮಾಯ ಆಗಲಿಲ್ರಿ, ಹೂಜಿ ಆತು," ಎಂದ ಖಂಡೆಪ್ಪ.

ಅದು ಬಸಂತರಾಯರಿಗೆ ಅವರ ಮಾವ ಸೊಲ್ಲಾಪುರದಿಂದ ತಂದುಕೊಟ್ಟ ಹೂಜಿ. ಬಂದವರಿಗೆಲ್ಲ ಅದರ ಕತೆ ಹೇಳದೆ ಅವರು ನೀರು ಕೊಟ್ಟವರಲ್ಲ. ಕಾಲೇಜಿನಲ್ಲಿ ಏನು ಮುರಿದರೂ ಒಡೆದರೂ ಇಂಗ್ಲಿಷಿನಲ್ಲಿ ಚೀಟಿ ಬರೆದು ಮೇಜಿನ ಮೇಲಿಡಬೇಕೆಂಬುದು ಬಸಂತರಾಯರ ಕಾನೂನು. ಅವರು ವಿಜಯಪುರದಿಂದ ಮಧ್ಯಾಹ್ನ ಮೂರಕ್ಕೆ ಬರುವವರಿದ್ದರು. ನಿಜ ಬರೆದರೆ ರಜೆಗೆ ಎಳ್ಳುನೀರು.

ಸ್ಟಾಫ್ ರೂಮಿನಲ್ಲಿ ಕೂತು 'ದಿ ಜಗ್ ವಾಸ್ ಬ್ರೋಕನ್' ಎಂದು ಬರೆದ. ಕನ್ನಡ ಕಲಿಸುವ ಸುನಂದಾ ಮೇಡಂ ಅವನ ಹೆಗಲ ಮೇಲಿಂದ ಬಗ್ಗಿ ಓದಿ, ಒಡೆಯಲ್ಪಟ್ಟಿತು ಎಂದರೆ ಒಡೆದವರೊಬ್ಬರು ಬಾಗಿಲ ಹಿಂದೆ ನಿಂತಿದ್ದಾರೆ ಎಂದೇ ಅರ್ಥ ಎಂದು ತೀರ್ಪು ಕೊಟ್ಟರು. ಹೌದೆನಿಸಿತು. ಹರಿದುಹಾಕಿ 'ದಿ ಜಗ್ ಬ್ರೋಕ್' ಎಂದು ಬರೆದ. ಹೂಜಿ ತಾನೇ ಒಡೆಯಿತು. ಬಾಗಿಲ ಹಿಂದೆಯೂ ಯಾರಿಲ್ಲ.

ಇದನ್ನು ಕನ್ನಡದಲ್ಲಿ ಕೇಳಿ ಖಂಡೆಪ್ಪನ ಮುಖ ಬಾಡಿತು. "ಬ್ಯಾಡ್ರಿ ಸರ. ಈ ಕಾಲೇಜಿನಾಗ ಯಾರೂ ಮಾಡಿಲ್ಲ ಅಂದ್ರ ಖಂಡೆಪ್ಪ ಮಾಡ್ಯಾನ ಅಂತ ಅರ್ಥ."

ಯಾವ ವ್ಯಾಕರಣ ಪುಸ್ತಕದಲ್ಲೂ ಈ ಸೂತ್ರ ಇರಲಿಲ್ಲ. ಇಜಾಜನಿಗೆ ನಾಚಿಕೆಯಾಯಿತು. ಹಾಗೆಂದು ತನ್ನ ಹೆಸರು ಬರೆಯುವಷ್ಟು ಆಗಲಿಲ್ಲ. ಅಷ್ಟರಲ್ಲಿ ಆಟದ ಮೇಷ್ಟ್ರು ಮಂಜೂರ ಬಂದು, ಬೆಕ್ಕಿನ ಮೇಲೆ ಹಾಕಿರಿ, ಬೆಕ್ಕು ಇಂಗ್ಲಿಷ್ ಓದುವುದಿಲ್ಲ ಎಂದ. ಸುನಂದಾ ಮೇಡಂ ಬೆಕ್ಕಿನ ಪರ ವಕಾಲತ್ತಿಗೆ ನಿಂತರು. ಗದ್ದಲ ಮುಗಿಯುವಷ್ಟರಲ್ಲಿ ಒಟ್ಟು ಎಂಟು ಚೀಟಿ ಹರಿದಿದ್ದವು.

ಮೂರಕ್ಕೆ ಹತ್ತು ನಿಮಿಷವಿದ್ದಾಗ ಒಂಬತ್ತನೆಯದು ಹೊಳೆಯಿತು: 'ಬ್ರೇಕೇಜ್ ಆಫ್ ದಿ ಜಗ್ ಈಸ್ ರಿಗ್ರೆಟೆಡ್.' ಹೂಜಿಯ ಒಡೆತಕ್ಕೆ ವಿಷಾದವಿದೆ. ಒಡೆಯುವ ಕ್ರಿಯೆಯೇ ಹೋಗಿ ನಾಮಪದವಾಗಿತ್ತು. ಒಡೆದವರೂ ಇಲ್ಲ, ವಿಷಾದಪಟ್ಟವರೂ ಇಲ್ಲ. ಖಂಡೆಪ್ಪನೂ ಒಪ್ಪಿದ, ಒಡೆತಕ್ಕೆ ಕೈಕಾಲು ಇರುವುದಿಲ್ಲವಲ್ಲ.

ಮೂರೂವರೆಗೆ ಕರೆ ಬಂತು. ಬಸಂತರಾಯರು ಚೀಟಿಯನ್ನು ಹಿಡಿದು, ಪೇಢೆ ಚಪ್ಪರಿಸುವವರಂತೆ ಎರಡು ಸಲ ಓದಿದರು. "ಯಾರ್ ಬರದಾರ ಇದನ್ನ?"

"ನಾನ್ರಿ ಸರ," ಎಂದುಬಿಟ್ಟ ಇಜಾಜ. ಜಂಬ ಬಾಯಿಗಿಂತ ಮೊದಲು ಓಡಿತ್ತು. ಮುಚ್ಚಿಟ್ಟು ಸಾಕಾಗಿ, "ಒಡದಾವನೂ ನಾನ ರೀ," ಎಂದ.

"ಹೋಗ್ಲಿ ಬಿಡ್ರಿ. ಮಾವ ಕೊಟ್ಟದ್ದು, ಮೊದ್ಲಿಂದ ಸೋರತಿತ್ತು." ಅವರು ಡ್ರಾಯರ್‌ನಿಂದ ವಿಶ್ವವಿದ್ಯಾಲಯದ ನೋಟಿಸು ತೆಗೆದರು. ಹಿಂದಿನ ಪರೀಕ್ಷೆಯಲ್ಲಿ ಇತಿಹಾಸದ ಹುಡುಗರಿಗೆ ಗಣಿತದ ಪ್ರಶ್ನೆಪತ್ರಿಕೆ ಹಂಚಿದವರು ಯಾರು ಎಂದು ಕೇಳಿದ್ದರು. ಹಂಚಿದವರು ಖುದ್ದು ಬಸಂತರಾಯರು. "ಇದಕ್ಕೂ ಹಂಗ ಒಂದು ಬರೀರಿ. ಮನಷ್ಯಾರ ಹೆಸರು ಬರಬಾರದು."

ಇಜಾಜ ನಿಂತಲ್ಲೇ ಬರೆದುಕೊಟ್ಟ. ಬಸಂತರಾಯರ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಇದೇ ಹೊತ್ತೆಂದು ಅವನು ರಜೆಯ ಅರ್ಜಿ ಮುಂದಿಟ್ಟ.

"ಇಂಥಾ ಮನಷ್ಯಾನ್ನ ಎರಡು ವರ್ಷ ಬಿಟ್ಟು ಕೊಡಾಕ ನನಗೇನ್ ತಲಿ ಕೆಟ್ಟೈತೇನ್ರಿ? ಇನ್ನೂ ನಾಕು ನೋಟಿಸು ಅದಾವ." ಅವರು ಅರ್ಜಿಯನ್ನು ಅವನ ಕಡೆಗೇ ತಿರುಗಿಸಿದರು. "ಇದರ ಉತ್ತರಾನೂ ನೀವ ಬರೀರಿ. ನಾ ಬ್ಯಾಡ ಅಂದೆ ಅಂತ ಕಾಣಬಾರದು."

ಇಜಾಜ ಬರೆದ. ವಾಕ್ಯ ನಯವಾಗಿತ್ತು. ರಜೆಯ ನಿರಾಕರಣೆಗೆ ವಿಷಾದವಿದೆ. ಧಾರವಾಡದ ಸೀಟು ಆ ಒಂದು ಸಾಲಿನಲ್ಲಿ ಸದ್ದಿಲ್ಲದೆ ಹೋಯಿತು. ಯಾರ ಮೇಲೆ ಸಿಟ್ಟಾಗುವುದೆಂದು ಕಾಗದ ತಿರುವಿ ಮುರುವಿ ನೋಡಿದ.

ಹೊರಗೆ ಸುನಂದಾ ಮೇಡಂ ಕಾಗದ ಇಸಿದುಕೊಂಡು ಓದಿ, "ಯಾರ್ರಿ ರಜಾ ಬ್ಯಾಡ ಅಂದವ್ರು?" ಎಂದರು.

"ಯಾರೂ ಅಲ್ರಿ," ಎಂದ ಇಜಾಜ.

ಗಂಟೆ ಹೊಡೆಯಲು ಹೊರಟಿದ್ದ ಖಂಡೆಪ್ಪ ಅಲ್ಲಿಯೇ ನಿಂತುಬಿಟ್ಟ. "ಹಂಗಾರ ಅದೂ ನನ್ನ ಮ್ಯಾಲ ಬಂತೇನ್ರಿ ಸರ?"