ನನ್ನ ನವಿಲು ಹಣತೆಗಳ ದಿಗ್ವಿಜಯ

ನನ್ನೊಳಗೆ ಒಬ್ಬ ಕಲಾವಿದೆ ಇದ್ದಾಳೆ ಎಂಬುದು ಬಸವೇಶ್ವರನಗರದ ನಮ್ಮ ಅಡ್ಡರಸ್ತೆಯಲ್ಲಿ ನನಗೊಬ್ಬಳಿಗೇ ಗೊತ್ತಿದ್ದ ಸತ್ಯ. ಅದನ್ನು ಲೋಕಕ್ಕೆ ತಿಳಿಸಲು ಈ ಸಲದ ದೀಪಾವಳಿಯೇ ಸರಿ ಎಂದು ತೀರ್ಮಾನಿಸಿದೆ. ಹಬ್ಬದ ಹಿಂದಿನ ಭಾನುವಾರ ಬಡಾವಣೆಯ ಪಾರ್ಕಿನಲ್ಲಿ ಕೈಕೆಲಸದ ವಸ್ತುಗಳ ಮಾರಾಟವಿತ್ತು. ಮನೆಯಲ್ಲಿ ಯಾರನ್ನೂ ಕೇಳದೆ ನನ್ನ ಹೆಸರಿಗೆ ಒಂದು ಮೇಜು ಹಿಡಿದು ಬಂದೆ. ಕೇಳಿದ್ದರೆ ಬೇಡ ಅನ್ನುತ್ತಿದ್ದರು, ಅದಕ್ಕೇ!

ನಾನು ಮಾರಲು ಹೊರಟಿದ್ದು ನವಿಲು ಹಣತೆ. ಕುಂಬಾರರಿಂದ ಸಾದಾ ಹಣತೆ ತಂದು, ಒಂದು ತುದಿಗೆ ಜೇಡಿಮಣ್ಣಿನ ಕುತ್ತಿಗೆ ಕೂರಿಸಿ, ಇನ್ನೊಂದು ತುದಿಗೆ ಗರಿ ಅಂಟಿಸಿ, ಮೈತುಂಬ ನೀಲಿ ಬಳಿದೆ. ತಲೆಯ ಮೇಲಿನ ತುರಾಯಿಗೆ ಬರುವ ಹೊತ್ತಿಗೆ ನೀಲಿ ಮುಗಿಯಿತು. ಕೆಂಪು ಹಚ್ಚಿದೆ. ದೊಡ್ಡ ದೊಡ್ಡ ಕಲಾವಿದರೂ ಹೀಗೇ ಮಾಡುತ್ತಾರೆಂದು ನನಗೆ ನಾನೇ ಹೇಳಿಕೊಂಡೆ.

ನಮ್ಮವರು ಕನ್ನಡಕ ಏರಿಸಿ ಒಂದನ್ನು ಕೈಗೆತ್ತಿಕೊಂಡರು. "ಏನೇ ಪದ್ಮಾ ಇದು, ಕೋಳಿನಾ?"

"ನವಿಲು ರೀ!"

"ಹಂಗಾದ್ರೆ ಜುಟ್ಟು ಯಾಕೆ ಕೆಂಪಗಿದೆ?"

"ಅದು ನನ್ನ ಶೈಲಿ. ನೋಡ್ತಾ ಇರಿ, ಇದೆಲ್ಲ ಖರ್ಚಾದ ಮೇಲೆ ಹಿಂದಿನ ಸಣ್ಣ ರೂಮು ನನ್ನ ಸ್ಟುಡಿಯೋ."

ಆ ಸಣ್ಣ ರೂಮಿನಲ್ಲಿ ಅವರ ಹಳೇ ಪತ್ರಿಕೆಗಳು ಮದುವೆಯಾದಾಗಿನಿಂದ ವಾಸವಾಗಿವೆ. ಅವರ ಮುಖ ಗಂಭೀರವಾಯಿತು. "ನೋಡೇ, ಗುರುತು ಪರಿಚಯ ಇಲ್ದೋರು ಒಬ್ಬರಾದ್ರೂ ದುಡ್ಡು ಕೊಟ್ಟು ಇದನ್ನ ತಗೊಳ್ಲಿ. ಅವತ್ತೇ ರೂಮು ಖಾಲಿ ಮಾಡ್ತೀನಿ. ಮಾತು ಅಂದ್ರೆ ಮಾತು."

ಸೋಲುವ ಪ್ರಶ್ನೆಯೇ ಇರಲಿಲ್ಲ. ಇದ್ದ ಪ್ರಶ್ನೆ ಒಂದೇ, ಹಣತೆಗಳನ್ನು ಒಣಗಿಸುವುದೆಲ್ಲಿ? ಹೊರಗೆ ಬಿಡದ ಮಳೆ. ಸೋಫಾ, ಫ್ರಿಜ್ಜಿನ ತಲೆ, ಹೊಲಿಗೆ ಮೆಷಿನ್ನು ಎಲ್ಲ ಕಡೆಯೂ ನವಿಲು. ನಮ್ಮವರ ಬಿಳಿ ಪಂಚೆಯ ಹಿಂಭಾಗದಲ್ಲೂ ಒಂದು ನೀಲಿ ನವಿಲು ಮೂಡಿದ ಮೇಲೆ ಮನೆಯಲ್ಲಿ ಅಸಮಾಧಾನ ಹೊಗೆಯಾಡತೊಡಗಿತು.

ಅಷ್ಟರಲ್ಲಿ ನವರಾತ್ರಿ ಬಂತು. ನಡುಮನೆಯಲ್ಲಿ ಅತ್ತೆ ಗೊಂಬೆ ಕೂರಿಸಿದರು. ಪಟ್ಟದ ಗೊಂಬೆಗಳು ಮೇಲೆ, ಸೆಟ್ಟಿ ದಂಪತಿ ಕೆಳಗೆ, ನಡುವೆ ಎರಡು ಮೆಟ್ಟಿಲು ಖಾಲಿ. ನನ್ನ ತಲೆಯಲ್ಲಿ ದೀಪ ಹೊತ್ತಿಕೊಂಡಿತು! ಅಲ್ಲೇ ಇಟ್ಟರೆ ಒಣಗಿದಂತೆಯೂ ಆಯಿತು, ಗೊಂಬೆ ನೋಡಲು ಬರುವ ಹೆಂಗಸರಿಗೆ ಮುಂಚಿತವಾಗಿ ಜಾಹೀರಾತು ಕೊಟ್ಟಂತೆಯೂ ಆಯಿತು. ಗಾಳಿ ಬಂದಾಗ ತೂರಿಕೋ ಅಂತ ದೊಡ್ಡವರು ಸುಮ್ಮನೆ ಹೇಳಿಲ್ಲ.

ಮೊದಲ ಸಂಜೆ ಬಂದವರು ಎದುರುಮನೆ ವಿಮಲಾ. ಗೊಂಬೆ ನೋಡಿದರು, ಉಸಲಿ ತಿಂದರು, ಹಣತೆಗಳ ಮುಂದೆ ನಿಂತರು. "ಅಯ್ಯೋ, ಎಷ್ಟು ಚೆನ್ನಾಗಿದೆ ಕಣ್ರೀ! ನೀವೇ ಮಾಡಿದ್ದಾ? ನಿಮ್ಮ ಕೈಗೆ ಬಂಗಾರದ ಬಳೆ ಹಾಕ್ಬೇಕು!"

ಈ ಜನ್ಮದಲ್ಲಿ ನನ್ನ ಕೈಯನ್ನು ಯಾರೂ ಹೀಗೆ ಹೊಗಳಿರಲಿಲ್ಲ. ನಾನು ಕರಗಿ ನೀರಾದೆ. ಅರಿಶಿನ ಕುಂಕುಮ ಕೊಟ್ಟು ತಾಂಬೂಲದ ಎಲೆ ಅಡಿಕೆ ಜೊತೆಗೆ, ತಡೆಯಲಾರದೆ, ಒಂದು ಹಣತೆಯನ್ನೂ ಅವರ ಸೆರಗಿಗೆ ಹಾಕಿಬಿಟ್ಟೆ!

"ಒಂದೇ ಒಂದು, ಸ್ಯಾಂಪಲ್ಲು," ಎಂದು ಅತ್ತೆಗೆ ಸಮಜಾಯಿಷಿ ಕೊಟ್ಟೆ.

ಅತ್ತೆ ತಲೆ ಅಲ್ಲಾಡಿಸಿದರು. "ತಾಂಬೂಲದಲ್ಲಿ ಸ್ಯಾಂಪಲ್ಲು ಅಂತ ಇರಲ್ಲಮ್ಮ. ಒಬ್ಬರಿಗೆ ಕೊಟ್ಟಿದ್ದನ್ನ ಎಲ್ಲರಿಗೂ ಕೊಡ್ಬೇಕು. ಮುತ್ತೈದೆಯರಲ್ಲಿ ಭೇದ ಮಾಡೋಕಾಗತ್ತಾ?"

ವಿಮಲಾ ಮನೆ ತಲುಪುವ ಮೊದಲೇ ಬಡಾವಣೆಯ ಹೆಂಗಸರ ವಾಟ್ಸಾಪ್ ಗುಂಪಿನಲ್ಲಿ ಫೋಟೋ ಬಂದಿತ್ತು. 'ಪದ್ಮಾ ಮನೆಯಲ್ಲಿ ಗೊಂಬೆ ನೋಡಿದವರಿಗೆ ಹಣತೆ!' ಮರುದಿನದಿಂದ ನಮ್ಮ ಗೇಟು ಮುಚ್ಚಲಿಲ್ಲ. ವರ್ಷಗಳಿಂದ ಮುಖ ತಿರುಗಿಸಿಕೊಂಡು ಓಡಾಡುತ್ತಿದ್ದ ಮೂಲೆಮನೆಯವರು ಸೊಸೆ, ಸೊಸೆಯ ತಾಯಿ, ತಾಯಿಯ ತಂಗಿ ಸಮೇತ ಬಂದರು. ಗೊಂಬೆಗಳತ್ತ ಯಾರೂ ನೋಡಲಿಲ್ಲ. ಪಟ್ಟದ ರಾಜನಿಗೇ ಅವಮಾನ! ನಾನು ನಗುನಗುತ್ತಾ ಕೊಡುತ್ತಿದ್ದೆ, ಹೊಟ್ಟೆಯೊಳಗೆ ನನ್ನ ಸ್ಟುಡಿಯೋ ಒಂದೊಂದೇ ಇಟ್ಟಿಗೆಯಾಗಿ ಕುಸಿಯುತ್ತಿತ್ತು. ವಿಜಯದಶಮಿಯ ಹೊತ್ತಿಗೆ ಮೆಟ್ಟಿಲು ಮತ್ತೆ ಖಾಲಿ.

"ಪರವಾಗಿಲ್ವೇ, ಎಲ್ಲ ಖರ್ಚಾಯ್ತು!" ಎಂದರು ನಮ್ಮವರು. ಅವರ ಪತ್ರಿಕೆಗಳು ರೂಮಿನಲ್ಲಿ ನೆಮ್ಮದಿಯಿಂದ ಮಲಗಿದ್ದವು.

ನಾನು ಸೋಲೊಪ್ಪುವ ಪೈಕಿಯವಳಲ್ಲ. ಹೊಸ ಹಣತೆ ತಂದು ಹಗಲಿಡೀ ಕೂತು ಮತ್ತೆ ನವಿಲು ಮಾಡಿದೆ. ಆತುರದಲ್ಲಿ ಕುತ್ತಿಗೆಗಳು ಇನ್ನಷ್ಟು ಗಿಡ್ಡವಾದವು, ಹೊಟ್ಟೆಗಳು ದುಂಡಗಾದವು. ನೀಲಿ ತರುವುದನ್ನು ನೆನಪಿಟ್ಟಿದ್ದೆ. ಆದರೆ ಈಗ ಕೆಂಪು ಜುಟ್ಟು ನನ್ನ ಶೈಲಿಯಾಗಿತ್ತಲ್ಲ, ಬಿಡುವ ಹಾಗಿರಲಿಲ್ಲ.

ಭಾನುವಾರ ಪಾರ್ಕಿನಲ್ಲಿ ನನಗೆ ಸಿಕ್ಕಿದ್ದು ಶಾಮಿಯಾನ ಮುಗಿಯುವ ಕಡೆಯ ಮೇಜು. ನೆರಳು ನನ್ನ ಹಣತೆಗಳ ಮೇಲೆ, ಬಿಸಿಲು ನನ್ನ ನೆತ್ತಿಯ ಮೇಲೆ. ಜನ ಬಂದರು, ನಕ್ಕರು, ಮುಂದೆ ಹೋದರು.

"ನಮ್ಮನೇಲಿ ಇದೆ ಕಣ್ರೀ, ನೀವೇ ಕೊಟ್ರಲ್ಲ!"

"ನಮಗೆ ಎರಡು ಬಂತು. ಒಂದು ನೀವು ಕೊಟ್ಟಿದ್ದು, ಇನ್ನೊಂದು ವಿಮಲಾ ಕೊಟ್ಟಿದ್ದು!"

ನನ್ನ ಮಾರುಕಟ್ಟೆಯನ್ನು ನಾನೇ ಪುಕ್ಕಟೆಯಾಗಿ ತುಂಬಿಸಿಬಿಟ್ಟಿದ್ದೆ. ಮೂಲೆಮನೆಯವರಂತೂ ಚೀಲದಿಂದ ತಮ್ಮ ಹಣತೆ ತೆಗೆದು, "ಇದರ ಕತ್ತು ಬಿದ್ದೋಯ್ತು, ಬದಲಾಯಿಸಿ ಕೊಡ್ತೀರಾ?" ಎಂದರು. ಬದಲಾಯಿಸಿ ಕೊಟ್ಟೆ! ಬೆವರು ಹಣೆಯಿಂದ ಇಳಿದು ಕಣ್ಣಿಗೆ ಬರುತ್ತಿತ್ತು. ಎಲ್ಲವೂ ಬೆವರೇ ಎಂದು ಹೇಳಲಾರೆ.

ಮಾರಾಟ ಮುಗಿಯುವ ಹೊತ್ತಿಗೆ ಒಬ್ಬ ಅಪರಿಚಿತ ಹುಡುಗಿ ನನ್ನ ಮೇಜಿನ ಮುಂದೆ ನಿಂತಳು. ನನ್ನನ್ನು ನೋಡಿದಳು, ಹಣತೆ ನೋಡಿದಳು, ಮತ್ತೆ ನನ್ನನ್ನು ನೋಡಿದಳು. "ಒಂದು ಕೊಡಿ ಆಂಟಿ," ಎಂದಳು. ಚೌಕಾಸಿ ಕೂಡ ಮಾಡಲಿಲ್ಲ! ಆ ನೋಟನ್ನು ಕಣ್ಣಿಗೊತ್ತಿಕೊಂಡು ಅಲ್ಲಿಂದಲೇ ಫೋನು ಹಚ್ಚಿದೆ. "ರೀ, ಬೋಣಿ ಆಯ್ತು! ಗುರುತು ಪರಿಚಯ ಇಲ್ದೋರು! ಪೇಪರ್ ಎತ್ತಿ!"

ಮಾತು ಅಂದರೆ ಮಾತು. ಅಂದು ಸಂಜೆಯೇ ಪತ್ರಿಕೆಗಳು ನಡುಮನೆಗೆ ವರ್ಗವಾದವು. ಬಾಗಿಲಲ್ಲಿ ನಿಂತು ಖಾಲಿ ರೂಮನ್ನು ನೋಡುತ್ತಾ ನಾನು ಅದೆಷ್ಟು ಹೊತ್ತು ಸಂತೋಷಪಟ್ಟೆನೋ!

ದೀಪಾವಳಿಯ ದಿನ ನಮ್ಮವರ ಹಳೇ ಸಹೋದ್ಯೋಗಿಯ ಹೆಂಡತಿ ಸುಧಾ ಮಲ್ಲತ್ತಹಳ್ಳಿಯಿಂದ ಬಂದರು. ಅವರು ನಮ್ಮ ಮನೆಗೆ ಬರುವುದು ವರ್ಷಕ್ಕೊಮ್ಮೆ, ಸಿಹಿ ಡಬ್ಬಿಯೊಂದಿಗೆ. ಈ ಸಲ ಡಬ್ಬಿಯ ಮೇಲೆ ವೀಳ್ಯದೆಲೆ, ಎಲೆಯ ಮೇಲೆ ನೀಲಿ ಮೈಯ, ಕೆಂಪು ಜುಟ್ಟಿನ ಹಣತೆ!

"ನನ್ನ ತಂಗಿ ಮಗಳು ತಂದಿದ್ದು ಕಣ್ರೀ," ಎಂದರು ಸುಧಾ. "ಯಾವುದೋ ಪಾರ್ಕಲ್ಲಿ ಒಬ್ಬರು ಹೆಂಗಸು ಬಿಸಿಲಲ್ಲಿ ಅಳ್ತಾ ಕೂತಿದ್ರಂತೆ. ಪಾಪ ಅನ್ನಿಸಿ ತಗೊಂಡ್ಲಂತೆ. ನಮ್ಮನೇಲಿ ಕೋಳಿ ಎಲ್ಲಿಡೋದು ಹೇಳಿ? ನಿಮಗೆ ಕಲೆ ಅಂದ್ರೆ ಇಷ್ಟ ಅಲ್ವಾ, ಅದಕ್ಕೇ ತಂದೆ."

ನಾನು ಅತ್ತೆಯ ಮುಖ ನೋಡಿದೆ. "ತಾಂಬೂಲದಲ್ಲಿ ಬಂದಿದ್ದನ್ನ ಬೇಡ ಅನ್ನಬಾರದು. ಸೆರಗು ಒಡ್ಡಮ್ಮ," ಎಂದರು ಅತ್ತೆ. ಒಡ್ಡಿದೆ.

ಸುಧಾ ಹೋದ ಮೇಲೆ ನಮ್ಮವರ ಬಾಯಿಂದ ಏನು ಬರುತ್ತದೋ ಎಂದು ಕಾದೆ.

"ರೂಮು ನಿಂದೇ ಇರ್ಲಿ ಬಿಡು," ಎಂದರು ಅವರು, ಬಹಳ ಉದಾರವಾಗಿ. "ಕೋಳಿ ಅಂದ್ಮೇಲೆ ಗೂಡು ಬೇಕಲ್ಲ!"

ಸಂಜೆ ಆ ಹಣತೆಗೆ ಎಣ್ಣೆ ಹಾಕಿ ಹೊಸಿಲ ಮೇಲೆ ಹಚ್ಚಿಟ್ಟೆ. ಉರಿಯುವಾಗಲಾದರೂ ನವಿಲಿನಂತೆ ಕಂಡೀತೆಂದು ಗೇಟಿನವರೆಗೆ ಹೋಗಿ, ಕತ್ತು ವಾರೆ ಮಾಡಿ ನೋಡಿದೆ.

ಕೋಳಿಯೇ!